ತೆಂಗಿನಕಾಯಿ ಎದ್ದು ನಿಂತ್ರ ನೀರು ಬೀಳ್ತಾವೇನು?

ಶಹಾಪುರದ ಕಡೆ ನಮ್ಮ ಕಾಕಾಂದು ಹೊಲ ಅದ, ಬದುವಿನ ಮ್ಯಾಲ ನಿಂತ್ರ ದೂರಕ್ಕ ಮಲಗಿದ ಬುದ್ಧನ ಗುಡ್ಡ ಕಾಣ್ತದ, ಹತ್ತಿ ತೊಗರಿ ಎರಡೂ ಹಾಕ್ತಾರ, ನೀರು ಮಾತ್ರ ಇಲ್ಲ. ಮೂರು ಬೋರ್ ಹೊಡಿಸಿದ್ರು, ಮೂರೂ ಫೇಲ್. ಮೂರನೇದಕ್ಕ ನಾನೂ ಹೋಗಿದ್ದೆ. ರಾತ್ರಿ ಎರಡು ಗಂಟೆ ತನ ಗಾಡಿ ಗುಡುಗಿದ್ದೇ ಗುಡುಗಿದ್ದು, ಕುಣಿಯಿಂದ ಬೆಳ್ಳನ ಪುಡಿ ಹಾರಿ ಹಾರಿ ಕಾಕಾನ ಮೀಸಿ, ಹುಬ್ಬು, ಹೆಗಲಿನ ಟವೆಲ್ ಎಲ್ಲಾ ಹಿಟ್ಟಿನ ಗಿರಣಿಯವರ ಗತೆ ಆಗಿದ್ವು, ಒಂದೊಂದು ರಾಡ್ ಇಳಿದಾಗೂ ಅವರು ಬಗ್ಗಿ ಒಂದು ಹಿಡಿ ಪುಡಿ ತಗೊಂಡು ಹಿಚುಕಿ ನೋಡೋರು, ಹಸಿ ಆಗ್ಯದೇನಂತ. ಆಗಿರ್ಲಿಲ್ಲ.

ಮುಂಜಾನೆ ಚಾ ಕುಡಿಯೋ ಹೊತ್ತಿಗೆ ಪಾಯಿಂಟ್ ಹಾಕಿದವರೂ ಬಂದ್ರು. ಗೊತ್ತದಲ್ಲ, ಅಂಗೈ ಮ್ಯಾಲ ತೆಂಗಿನಕಾಯಿ ಅಡ್ಡ ಇಟ್ಕೊಂಡು ಹೊಲದಾಗ ನಡೀತಾರ, ಕಾಯಿ ಎಲ್ಲಿ ಎದ್ದು ನಿಲ್ತದೋ ಅಲ್ಲಿ ನೀರು ಅಂತಾರ. ನಿಮ್ಮ ಪಾಯಿಂಟ್ ಎಷ್ಟು ಖರೆ ಆಗ್ತಾವ್ರೀ ಅಂತ ಕೇಳಿದೆ. ಅವರು ಮೊಬೈಲ್ ತೆಗೆದು ಗ್ಯಾಲರಿ ತೋರಿಸಿದ್ರು. ಒಂದಾದ ಮ್ಯಾಲೊಂದು ಫೋಟೋ, ಎಲ್ಲಾದ್ರಾಗೂ ನೀರು ಮರದೆತ್ತರ ಚಿಮ್ಮ್ಯಾವ, ಬಾಜು ಒಬ್ಬ ರೈತ ತೊಯ್ಸ್ಕೊಂಡು ನಗ್ಲಾಕತ್ತಾನ. "ಇವೆಲ್ಲಾ ನಂದೇ ಪಾಯಿಂಟ್ ನೋಡ್ರಿ."

"ಫೇಲಾದವು?"

"ಫೇಲಾದ ಬೋರಿನ ಫೋಟೋ ಯಾರು ತೆಗಿತಾರ್ರೀ ಸರ?"

ಆ ಮನುಷ್ಯ ಸುಳ್ಳೇನೂ ಹೇಳ್ಲಿಲ್ಲ, ಒಂದು ಫೋಟೋನೂ ಬೋಗಸ್ ಇರ್ಲಿಲ್ಲ. ಮೋಸ ಆಗಿದ್ದು ಲೆಕ್ಕದಾಗ, ಅದೂ ಅವರಿಗೇ ಮೊದಲು ಆಗಿತ್ತು.

ನಾಣ್ಯ ಚಿಮ್ಮೋದು, ದಾಳ ಉರುಳಿಸೋದು ಎಲ್ಲಾ ಪಿಯುಸಿಯೊಳಗ ಆಗಿರ್ತದ, ಅದನ್ನ ಇಲ್ಲಿ ಮತ್ತ ಕೊರಿಯಂಗಿಲ್ಲ. ನೇರ ವಿಷಯಕ್ಕ ಬರ್ತೀನಿ. ಕಾಕಾನ ಊರಾಗ ಕಾಯಿ ಹಿಡಿಸದೇ ಯಾರೂ ಬೋರ್ ಹೊಡಿಸಂಗಿಲ್ಲ. ಲೆಕ್ಕಕ್ಕಂತ 100 ಬೋರ್ ಹಿಡೀರಿ, 40ಕ್ಕ ನೀರು ಬಿದ್ದಾವ, 60 ಒಣ. ಈಗ "ನೀರು ಬಿದ್ದ ಬೋರಿನ್ಯಾಗ ಎಷ್ಟಕ್ಕ ಕಾಯಿ ಹಿಡಿದಿದ್ರು" ಅಂತ ಕೇಳ್ರಿ. 40ಕ್ಕ 40, ನೂರಕ್ಕ ನೂರು! ಗ್ಯಾಲರಿ ತುಂಬೋದು ಇದೇ ಲೆಕ್ಕದಿಂದ. ಅದೇ ಪ್ರಶ್ನಿ ತಿರುಗಿಸಿ "ಕಾಯಿ ಹಿಡಿದ ಬೋರಿನ್ಯಾಗ ಎಷ್ಟಕ್ಕ ನೀರು ಬಿದ್ದಾವ" ಅಂತ ಕೇಳಿದ್ರ 100ಕ್ಕ 40. ಮ್ಯಾಲಿನ ಸಂಖ್ಯೆ ಎರಡೂ ಕಡೆ ಅದೇ 40, ಕೆಳಗ ಯಾವುದರಿಂದ ಭಾಗಿಸ್ತೀರಿ ಅನ್ನೋದಷ್ಟೇ ಬ್ಯಾರೆ. ಮತ್ತ ಆ 40 ಆದ್ರೂ ಕಾಯಿಯ ಪುಣ್ಯಾನೋ ನೆಲದ ಪುಣ್ಯಾನೋ ಗೊತ್ತಾಗಬೇಕಂದ್ರ ಕಾಯಿ ಹಿಡಿಸದೇ ಹೊಡಿಸಿದ ಬೋರ್ ಬೇಕು, ಅಂಥಾದು ಊರಾಗ ಒಂದೂ ಇಲ್ಲ.

ಬಿದರಿ ಕೆಲಸ ಮಾಡೋ ಕುಶಲಕರ್ಮಿಗಳೊಳಗ ಬೀದರಿನವರು ಎಷ್ಟು ಅಂದ್ರ ಭಾಳಷ್ಟು ಮಂದಿ. ಬೀದರಿನವರೊಳಗ ಬಿದರಿ ಕೆಲಸ ಗೊತ್ತಿದ್ದವರು ಎಷ್ಟು ಅಂದ್ರ ಬೆರಳೆಣಿಕೆ. ಇದನ್ನ ಯಾರೂ ತಪ್ಪು ತಿಳ್ಕೊಳ್ಳಂಗಿಲ್ಲ, ಬೀದರ್ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕವರಿಗೆಲ್ಲಾ ಹೂದಾನಿ ಮಾಡಿಕೊಡ್ರಿ ಅಂತ ಯಾರೂ ಕೇಳಂಗಿಲ್ಲ. ಆದ್ರ ಬೋರು, ಜಾತಕ, ರೋಗ, ಮಳಿ ಅಂತ ಬಂದ ತಕ್ಷಣ ನಮ್ಮ ತಲಿ ಎರಡನ್ನೂ ಒಂದೇ ಮಾಡಿಬಿಡ್ತದ. ಗಣಿತದಾಗ ಇದಕ್ಕ ಷರತ್ತುಬದ್ಧ ಸಂಭವನೀಯತೆ ಅಂತ ಹೆಸರು, ಕೇಳಿದ್ರ ಕೋರ್ಟಿನ ಜಾಮೀನು ಗತೆ ಕೇಳಿಸ್ತದ, ಖರೆ ಹೇಳಬೇಕಂದ್ರ ಎರಡೂ ಒಂದೇ ಜಾತಿ: ಷರತ್ತು ಏನಂತ ಓದದೇ ಸಹಿ ಮಾಡಿದ್ರ ಕೆಟ್ರಿ.

ನೀರು ಹುಡುಕೋರನ್ನ ಸರಿಯಾಗಿ ಪರೀಕ್ಷೆ ಮಾಡಿಲ್ಲೇನು ಅಂತ ಕೇಳಬಹುದು. ಮಾಡ್ಯಾರ. 1987-88ರೊಳಗ ಜರ್ಮನಿಯ ಮ್ಯೂನಿಕ್ ಹತ್ರ, ಸರ್ಕಾರದ ರೊಕ್ಕದಾಗ. ಅಲ್ಲಿ ಕಾಯಿ ಬದಲಿ ಕವಲು ಕಡ್ಡಿ ಹಿಡಿತಾರ, ಅಷ್ಟೇ ಫರಕ್. ಸುಮಾರು 500 ಮಂದಿ ಬಂದಿದ್ರು, ಅವರೊಳಗ ಛಲೋ ಅನಿಸಿದ 43 ಮಂದೀನ ಆರಿಸಿ ಒಂದು ದೊಡ್ಡ ಕೊಟ್ಟಿಗೆಯೊಳಗ 843 ಸಲ ಪರೀಕ್ಷೆ ಮಾಡಿದ್ರು. ಕೆಳಗ ಗಾಡಿ ಮ್ಯಾಲ ನೀರಿನ ಪೈಪು, ಪ್ರತಿ ಸಲ ಜಾಗ ಬದಲಿ, ಮ್ಯಾಲಿನ ಅಟ್ಟದಾಗ ಕಡ್ಡಿ ಹಿಡಿದವರು. ಪರೀಕ್ಷೆ ಮಾಡಿದವರು ಎಲ್ಲರೂ ಅಲ್ಲ, ಕೆಲವರಿಗೆ ಮಾತ್ರ ಖರೇನೇ ಶಕ್ತಿ ಅದ ಅಂದ್ರು. ಜಿಮ್ ಎನ್‌ರೈಟ್ ಅನ್ನೋ ಅಮೆರಿಕದ ವಿಜ್ಞಾನಿ ಅವೇ ಅಂಕಿ ತಗೊಂಡು ಮತ್ತ ಲೆಕ್ಕ ಹಾಕಿ, ಒಂದು ಸುತ್ತಿನ್ಯಾಗ ಗೆದ್ದವರು ಇನ್ನೊಂದು ಸುತ್ತಿನ್ಯಾಗ ಗೆಲ್ಲಂಗಿಲ್ಲ, ಕಣ್ಣು ಮುಚ್ಚಿ ಹೇಳಿದ್ರೂ ಇಷ್ಟೇ ಬರ್ತದ ಅಂತ ತೋರಿಸಿದ್ರು. ಗೆದ್ದವರನ್ನಷ್ಟೇ ಆರಿಸಿ ತೋರಿಸೋದು ಅಂದ್ರ ಅದೂ ಫೋಟೋ ಗ್ಯಾಲರಿನೇ ಅಲ್ಲೇನು.

ಇರ್ಲಿ, ಮೋಸ ಇಲ್ಲದ, ಖರೇನೇ ಛಲೋ ಕೆಲಸ ಮಾಡೋ ಸಾಧನ ಇದ್ರೂ ಈ ತಿರುವು ನಮ್ಮನ್ನ ಬೀಳಿಸ್ತದ. ಇದಕ್ಕ ಕಲಬುರಗಿಯ ದಾಲ್ ಮಿಲ್ಲಿಗೇ ಹೋಗಬೇಕು (ನಮ್ಮ ತೊಗರಿಬ್ಯಾಳಿಗೆ 2019ರಾಗ ಜಿಐ ಟ್ಯಾಗ್ ಸಿಕ್ಕದ, ಹಂಗಾಗಿ ಜಂಬ ಜರಾ ಜಾಸ್ತಿ). ಮಿಲ್ಲಿನ್ಯಾಗ ಬಣ್ಣ ನೋಡಿ ಆರಿಸೋ ಮಷಿನ್ ಇರ್ತದ, ಸಾರ್ಟೆಕ್ಸ್ ಅಂತಾರ. ಬ್ಯಾಳಿ ಮ್ಯಾಲಿಂದ ಜಾರಿ ಬೀಳ್ತದ, ಕ್ಯಾಮೆರಾ ನೋಡ್ತದ, ಕಪ್ಪು ಕಾಳು ಕಂಡ್ರ ಗಾಳಿ ಫಟ್ ಅಂತ ಹೊಡೆದು ಹೊರಗ ಒಗಿತದ. ಹತ್ತು ಸಾವಿರ ಕಾಳು ಬಿಟ್ರಿ ಅನ್ಕೋರಿ, 100 ಕೆಟ್ಟವು, 9900 ಛಲೋವು. ಮಷಿನ್ ಕೆಟ್ಟದ್ದನ್ನ ನೂರಕ್ಕ 95 ಹಿಡಿತದ, ಛಲೋದನ್ನ ನೂರಕ್ಕ 5 ಮಾತ್ರ ತಪ್ಪಿ ಒಗಿತದ ಅಂತ ಇಟ್ಕೋರಿ. ಹಂಗಾದ್ರ ಒಗೆದ ಕಾಳಿನ ಚೀಲದಾಗ ಏನಿರ್ತದ? ಕೆಟ್ಟವು 95, ಛಲೋವು 495! ಕಸ ಅಂತ ಒಗೆದ 590 ಕಾಳಿನ್ಯಾಗ ಖರೆ ಕಸ ನೂರಕ್ಕ 16 ಅಷ್ಟೇ. ಮಷಿನ್ ಕೆಟ್ಟಿಲ್ಲ. ಛಲೋ ಕಾಳು ಅಷ್ಟು ಜಾಸ್ತಿ ಇದ್ದಿದ್ದಕ್ಕ ಅದರ ಸಣ್ಣ ತಪ್ಪೇ ದೊಡ್ಡ ರಾಶಿ ಆಯ್ತು. ಅಪರೂಪದ ರೋಗಕ್ಕ ಊರಿಗೆ ಊರೇ ರಕ್ತ ಪರೀಕ್ಷೆ ಮಾಡಿಸಿ ಪಾಸಿಟಿವ್ ಬಂದವರೆಲ್ಲಾ ಅಳಕೋತ ಕೂತ್ರ ಹಿಂಗೇ ಆಗ್ತದ, ಕಾಳಿನ ಜಾಗಕ್ಕ ಮನುಷ್ಯಾರನ್ನ ಇಡ್ರಿ ಅಷ್ಟೇ.

ಹಂಗಂತ ಮಿಲ್ಲಿನವರು ಆ ಚೀಲ ಒಗಿಯಂಗಿಲ್ಲ. ಅದನ್ನ ಮತ್ತ ಮಷಿನ್ನಿಗೇ ಸುರಿತಾರ. ಎರಡನೇ ಸಲ 95ರಾಗ 90 ಕೆಟ್ಟವು ಸಿಗ್ತಾವ, 495 ಛಲೋದ್ರಾಗ 25 ಅಷ್ಟೇ ತಪ್ಪಿ ಬರ್ತಾವ. ಈಗ ಒಗೆದ 115 ಕಾಳಿನ್ಯಾಗ 90 ಖರೆ ಕಸ, 16ರಿಂದ ಒಮ್ಮಿಗೇ 78ಕ್ಕ ಜಿಗೀತು. ಯಾಕ ಅಂದ್ರ ಮೊದಲನೇ ಸಲ ಛಲೋ ಕಾಳು ಭಾಳಷ್ಟು ತನ್ನ ತಪ್ಪಿಂದ ಹೊರಗ ಹೋಗಿರಂಗಿಲ್ಲ, ಬಾಜು ಕಪ್ಪು ಕಾಳಿತ್ತು, ಗಾಳಿ ಹೊಡೆದಾಗ ಜೊತಿಗೆ ಇದೂ ಹಾರಿತು, ಕಳ್ಳನ ಸಂಗಡ ಚಾ ಕುಡಿಯೋವಾಗ ಪೊಲೀಸರು ಬಂದಂಗ. ಎರಡನೇ ಸಲ ಬಾಜು ಬ್ಯಾರೆಯವರು ಇರ್ತಾರ. ಆದ್ರ ಛಲೋ ಕಾಳಿಗೇ ಒಂದು ಮಚ್ಚೆ ಇದ್ರ ಹತ್ತು ಸಲ ಸುರಿದ್ರೂ ಹತ್ತೂ ಸಲ ಅದು ಹೊರಗೇ. ಎರಡನೇ ಪರೀಕ್ಷೆಗೆ ಬೆಲಿ ಇರೋದು ಅದರ ತಪ್ಪು ಮೊದಲನೇದರ ತಪ್ಪಿಗೆ ಅಂಟಿಕೊಂಡಿರದಿದ್ರ ಮಾತ್ರ.

ಪುರಾವೆ ಬಂದಂಗೆಲ್ಲಾ ಹಳೇ ಅಂದಾಜು ತಿದ್ದೋ ಈ ಲೆಕ್ಕ ಬರೆದಿಟ್ಟವನು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಅನ್ನೋ ಊರಾಗಿದ್ದ ಪಾದ್ರಿ ಥಾಮಸ್ ಬೇಯ್ಸ್. 1761ರಾಗ ತೀರಿಕೊಂಡ, ಇದನ್ನ ಅಚ್ಚು ಹಾಕಿಸಿರ್ಲಿಲ್ಲ. ಅವನ ಕಾಗದಪತ್ರದಾಗ ಇದ್ದಿದ್ದನ್ನ ಗೆಳೆಯ ರಿಚರ್ಡ್ ಪ್ರೈಸ್ 1763ರಾಗ ರಾಯಲ್ ಸೊಸೈಟಿಯ ಪತ್ರಿಕೆಗೆ ಕೊಟ್ಟ. ಮುಂದ 1774ರಾಗ ಫ್ರಾನ್ಸಿನ ಲಾಪ್ಲಾಸ್ ತಾನೇ ಬ್ಯಾರೆಯಾಗಿ ಅದನ್ನ ಕಂಡುಹಿಡಿದ. ಇದೆಲ್ಲಾ ಹೊರಗಿನವರ ವಿದ್ಯೆ ಅನ್ನೋರಿಗೆ ಒಂದು ಮಾತು, ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರೊಳಗ ಒಬ್ಬರಾದ ಸಿ.ಆರ್. ರಾವ್ 1920ರಾಗ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯೊಳಗ.

ವಾಪಸ್ ಹೊಲಕ್ಕ ಬರೋಣ. ಕಾಕಾ ನಾಲ್ಕನೇ ಬೋರಿಗೆ ಸಾಲ ಕೇಳ್ಲಾಕತ್ತಿದ್ರು. "ಮೂರು ಫೇಲಾಗ್ಯಾವ ತಮ್ಮಾ, ಇನ್ನ ಬಂದೇ ಬರಬೇಕು." ಇದು ಜೂಜುಕೋರರ ಮಾತು. 1913ರಾಗ ಮಾಂಟೆ ಕಾರ್ಲೋದ ಜೂಜಿನ ಮನಿಯೊಳಗ ಚಕ್ರದ ಗುಂಡು ಒಂದೇ ಸಮ 26 ಸಲ ಕಪ್ಪಿಗೇ ಬಿತ್ತು, ಮುಂದಿನ್ದು ಕೆಂಪೇ ಅಂತ ಕಟ್ಟಿ ಕಟ್ಟಿ ಮಂದಿ ಮನಿ ಹಾಳು ಮಾಡ್ಕೊಂಡ್ರು. ಗುಂಡಿಗೆ ನೆನಪಿರಂಗಿಲ್ಲ. ನೆಲಕ್ಕ ಇರ್ತದ, ಆದ್ರ ಕಾಕಾ ಅನ್ಕೊಂಡಂಗ ಅಲ್ಲ, ಉಲ್ಟಾ! ಕಲಬುರಗಿ, ಬೀದರ್ ಕಡೆ ಭಾಳಷ್ಟು ಕರಿ ಬಸಾಲ್ಟ್, ಶಹಾಪುರದ ಕಡೆ ಗ್ರಾನೈಟ್ ಜಾತಿ ಕಲ್ಲು, ಅಲ್ಲಿ ಆಳದಾಗ ನೀರು ನಿಲ್ಲೋದು ಬಿರುಕಿನ್ಯಾಗ ಮಾತ್ರ. ಒಂದೇ ಹೊಲದಾಗ ಮೂರು ಕಡೆ ಬಿರುಕು ಸಿಗಲಿಲ್ಲ ಅಂದ್ರ ಆ ಹೊಲದ ಕೆಳಗಿನ ಬಂಡಿನೇ ಗಟ್ಟಿ ಇರೋ ಸಂಶಯ ಹೆಚ್ಚಾಗಬೇಕು.

ಅದೇ ಚಾ ಅಂಗಡಿ ಟೇಬಲ್ ಮ್ಯಾಲ ಲೆಕ್ಕ ಹಾಕಿ ತೋರಿಸಿದೆ. 1000 ರೈತರು ಅನ್ಕೋರಿ ಕಾಕಾ, ಅರ್ಧ ಮಂದಿ ಹೊಲ ಬಿರುಕಿನ್ದು, ಹತ್ತು ಬೋರಿಗೆ ಆರು ನೀರು. ಇನ್ನರ್ಧ ಬಂಡಿ, ಹತ್ತಕ್ಕ ಎರಡು. ಮೂರೂ ಫೇಲಾದವರು ಬಿರುಕಿನವರೊಳಗ 32 ಮಂದಿ, ಬಂಡಿಯವರೊಳಗ 256. ನೀವು ಈ 288ರಾಗ ಒಬ್ಬರು. ನಾಲ್ಕನೇದಕ್ಕ ನೀರು ಕಾಣೋರು ಇವರೊಳಗ ಹೆಚ್ಚುಕಮ್ಮಿ 70 ಮಂದಿ, ಅಂದ್ರ ನೂರಕ್ಕ 24. ಮೊದಲನೇ ಬೋರಿಗೆ ನೂರಕ್ಕ 40 ಇತ್ತು. ಕಾಕಾ ಎಲ್ಲಾ ಕೇಳಿದ್ರು, ತಲಿ ಅಲ್ಲಾಡಿಸಿದ್ರು, ಚಾ ರೊಕ್ಕ ಕೊಟ್ಟು ಹೋದ್ರು.

ಎರಡು ತಿಂಗಳ ಮ್ಯಾಲ ಒಂದಿನ ನಸುಕಿನ ನಾಲ್ಕಕ್ಕ ಫೋನು. ಹಿಂದ ಗಾಡಿ ಸಪ್ಪಳ, ಮಂದಿ ಕೂಗಾಟ. "ತಮ್ಮಾ, ಎರಡಿಂಚು ಬಿದ್ದಾವ! ಈಗ ಏನಂತದ ನಿನ್ನ ಲೆಕ್ಕ?"

"ಆ 70 ಮಂದಿಯೊಳಗ ನೀವೊಬ್ಬರು ಕಾಕಾ" ಅಂದೆ. ಅವರಿಗೆ ಕೇಳಿಸ್ಲಿಲ್ಲ ಅನಸ್ತದ.

ಬೆಳಗಾದ ಮ್ಯಾಲ ವಾಟ್ಸಾಪಿನ್ಯಾಗ ಫೋಟೋ ಬಂತು. ನೀರು ಚಿಮ್ಮ್ಯಾವ, ಕಾಕಾನ ಮೀಸಿ ಹಸಿ ಆಗ್ಯದ, ಬಾಜು ಪಾಯಿಂಟ್ ಹಾಕಿದವರು ಕೈಯಾಗ ಕಾಯಿ ಹಿಡ್ಕೊಂಡು ನಿಂತಾರ. ಚಪ್ಪಡಿ ಕಲ್ಲು ಮುಚ್ಚಿದ ಆ ಮೂರು ಕುಣಿ ಫೋಟೋದಾಗ ಬಂದಿಲ್ಲ.