ಉಪ್ಪುನೀರಿನ ಟ್ಯಾಂಕ್: ಮೊದಲು ನೀರು, ಆಮೇಲೆ ಮೀನು

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅಂತ ಈಗಷ್ಟೇ ಓದಲು ಶುರು ಮಾಡಿದವರಿಗಾಗಿ ನನ್ನ ನೋಟ್ಸ್ ಹಂಚಿಕೊಳ್ಳುತ್ತಿದ್ದೇನೆ. ಲೈಟು, ಸ್ಟ್ಯಾಂಡಿನ ಬಗ್ಗೆ ಏನೂ ಬರೆದಿಲ್ಲ. ಮೊದಲ ಒಂದು ತಿಂಗಳು ನಾವು ಸಾಕುವುದು ಬ್ಯಾಕ್ಟೀರಿಯಾ, ಇದೊಂದು ತಲೆಗೆ ಹೋದರೆ ಮಿಕ್ಕಿದ್ದು ಸುಲಭ.

ನೀರಿನಿಂದ ಶುರು ಮಾಡೋಣ. ನಲ್ಲಿ ನೀರು ಬೇಡ. ಅದರಲ್ಲಿ ಕ್ಲೋರಿನ್, ಫಾಸ್ಫೇಟ್, ಕೆಲವೊಮ್ಮೆ ತಾಮ್ರವೂ ಇರುತ್ತದೆ. ಆರ್‌ಒ ಡಿಐ ನೀರು (ಫಿಲ್ಟರ್‌ಗಳಲ್ಲಿ ಹಾಯಿಸಿ, ಕರಗಿದ ಲವಣ ಎಲ್ಲಾ ತೆಗೆದ ಶುದ್ಧ ನೀರು) ಬಳಸಿ, ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಅಡುಗೆ ಉಪ್ಪೂ ಆಗುವುದಿಲ್ಲ, ಅದು ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲಾ ಇರುತ್ತವೆ, ಹಾಗಾಗಿ ಅಕ್ವೇರಿಯಂಗೆಂದೇ ಮಾಡಿದ ಸಾಲ್ಟ್ ಮಿಕ್ಸ್ ಬೇಕು. ಬಕೆಟ್‌ನಲ್ಲಿ ಮೊದಲು ನೀರು, ಒಳಗೆ ಓಡುತ್ತಿರುವ ಒಂದು ಸಣ್ಣ ಪಂಪು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಉಪ್ಪು. ಉಪ್ಪು ಮೊದಲು ಹಾಕಿ ಮೇಲೆ ನೀರು ಸುರಿದರೆ ತಳದಲ್ಲಿ ಸಾಂದ್ರತೆ ಒಮ್ಮೆಲೇ ಏರಿ, ಕ್ಯಾಲ್ಸಿಯಂ ಕಾರ್ಬೊನೇಟ್ ಸುಣ್ಣದ ಹಾಗೆ ಬೆಳ್ಳಗೆ ಕೂರುತ್ತದೆ. ಎಷ್ಟು ಕಲಕಿದರೂ ಅದು ಮತ್ತೆ ಸರಿಯಾಗಿ ಕರಗುವುದಿಲ್ಲ.

ಗುರಿ ಸಾವಿರಕ್ಕೆ 35 ಭಾಗ ಉಪ್ಪು, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವ ಅಳತೆ) ಸುಮಾರು 1.026. ಅಳೆಯಲು ರಿಫ್ರ್ಯಾಕ್ಟೋಮೀಟರ್ (ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಸಾಧನ) ಒಳ್ಳೆಯದು. ಗಾಜಿನ ಮೇಲೆ ಎರಡು ಹನಿ ಬಿಟ್ಟು, ಗುಳ್ಳೆ ಉಳಿಯದ ಹಾಗೆ ಮುಚ್ಚಳ ಮುಚ್ಚಿ, ಬೆಳಕಿನ ಕಡೆ ಹಿಡಿದು ನೋಡಿ. ನೀಲಿ ಬಣ್ಣ ಮುಗಿದು ಬಿಳಿ ಶುರುವಾಗುವ ಗೆರೆಯೇ ಉತ್ತರ. ಆದರೆ ಈ ಮೀಟರನ್ನು ಬರೀ ಶುದ್ಧ ನೀರಿನಲ್ಲಿ ಸೊನ್ನೆಗೆ ತಂದು ಬಿಟ್ಟರೆ ಸಾಲದು, ನಾವು ಅಳೆಯುವುದು 35ರ ಹತ್ತಿರ ಅಲ್ವಾ, ಅದಕ್ಕೇ 35ರ ಕ್ಯಾಲಿಬ್ರೇಶನ್ ದ್ರಾವಣದಲ್ಲಿ ಸರಿ ಮಾಡಿಕೊಳ್ಳಿ.

ನೀರು ಆವಿಯಾದಾಗ ಉಪ್ಪು ಹೋಗುವುದಿಲ್ಲ. ಕೇಳಲು ಚಿಕ್ಕ ವಿಷಯ, ಆದರೆ ಲೆಕ್ಕ ಹಾಕಿ ನೋಡಿ. ಟ್ಯಾಂಕಿನಲ್ಲಿ ಕಲ್ಲು, ಮರಳು ಬಿಟ್ಟು 80 ಲೀಟರ್ ನೀರಿದೆ ಅಂದುಕೊಳ್ಳಿ. ಲೀಟರಿಗೆ 35 ಗ್ರಾಂನಂತೆ ಅಂದಾಜು 2,800 ಗ್ರಾಂ ಉಪ್ಪು. ದಿನಕ್ಕೆ 2 ಲೀಟರ್ ಆವಿಯಾಗುತ್ತದೆ, ನೀವು ಆ ಜಾಗಕ್ಕೆ ಉಪ್ಪುನೀರೇ ಹಾಕುತ್ತೀರಿ. ದಿನಕ್ಕೆ 70 ಗ್ರಾಂ ಉಪ್ಪು ಜಾಸ್ತಿ, ವಾರಕ್ಕೆ 490 ಗ್ರಾಂ. ಏಳನೇ ದಿನ ಲೀಟರಿಗೆ 41 ಗ್ರಾಂ ದಾಟಿರುತ್ತದೆ! ಆವಿಯಾದ ನೀರಿಗೆ ಬದಲು ಯಾವಾಗಲೂ ಉಪ್ಪಿಲ್ಲದ ಆರ್‌ಒ ಡಿಐ ನೀರು. ನೀರು ಹೊರಗೆ ತೆಗೆದು ಬದಲಾಯಿಸುವಾಗ ಮಾತ್ರ ಉಪ್ಪುನೀರು.

ಕಲ್ಲುಗಳನ್ನು ತಳದ ಗಾಜಿನ ಮೇಲೇ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ. ಮರಳು ಅಗೆಯುವ ಮೀನು, ಸಿಗಡಿಗಳಿವೆ. ಮರಳಿನ ಮೇಲೆ ನಿಂತ ಕಲ್ಲು ಒಂದು ದಿನ ಉರುಳಿ ಬೀಳುತ್ತದೆ.

ಈಗ ಸೈಕ್ಲಿಂಗ್, ಅಂದರೆ ಮೀನು ಬಿಡುವ ಮೊದಲು ಬೇಕಾದ ಬ್ಯಾಕ್ಟೀರಿಯಾ ಬೆಳೆಸುವ ಕೆಲಸ. ಮೀನಿನ ಮೈಯಿಂದ ಮತ್ತು ಉಳಿದ ಆಹಾರ ಕೊಳೆತು ಅಮೋನಿಯಾ ಬರುತ್ತದೆ. ನೈಟ್ರೊಸೊಮೊನಾಸ್ ತರದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಸ್ಪೈರಾ ತರದವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇವು ಕಲ್ಲು, ಮರಳಿನ ಮೈಗೆ ಅಂಟಿಕೊಂಡು ನಿಧಾನವಾಗಿ ಬೆಳೆಯುತ್ತವೆ. ಒಣ ಕಲ್ಲಿನಿಂದ ಶುರು ಮಾಡಿದರೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಒಳ್ಳೆಯ ಲೈವ್ ರಾಕ್ (ಆಗಲೇ ಬ್ಯಾಕ್ಟೀರಿಯಾ ಬೆಳೆದಿರುವ ಕಲ್ಲು) ಇದ್ದರೆ ಬೇಗ ಮುಗಿಯಬಹುದು.

ನಾನು ತಪ್ಪಿದ್ದು ಇಲ್ಲೇ. ಮೂರನೇ ದಿನ ಟೆಸ್ಟ್ ಮಾಡಿದೆ, ಟ್ಯೂಬಿನಲ್ಲಿ ಸ್ವಚ್ಛ ಹಳದಿ ಬಣ್ಣ, ಅಮೋನಿಯಾ ಸೊನ್ನೆ. ಟ್ಯಾಂಕ್ ರೆಡಿ ಅಂತ ಖುಷಿಯಾದೆ. ಆದರೆ ನಾನು ಅಮೋನಿಯಾ ಹಾಕಿಯೇ ಇರಲಿಲ್ಲ! ತಿನ್ನಲು ಏನೂ ಇಲ್ಲದ ನೀರಿನಲ್ಲಿ ಸೊನ್ನೆ ಬಂದರೆ ಅದಕ್ಕೆ ಅರ್ಥವೇ ಇಲ್ಲ. ಅಮೋನಿಯಂ ಕ್ಲೋರೈಡ್ ದ್ರಾವಣ ಹಾಕಿ ಅಮೋನಿಯಾ 2 ಪಿಪಿಎಂಗೆ (ಹತ್ತು ಲಕ್ಷಕ್ಕೆ 2 ಭಾಗ) ತನ್ನಿ, 24 ಗಂಟೆ ಬಿಟ್ಟು ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದಿದ್ದರೆ ಆಗ ಸೈಕಲ್ ಮುಗಿಯಿತು. ಮಧ್ಯದಲ್ಲಿ ನೈಟ್ರೈಟ್ ಜಾಸ್ತಿ ಇರುವಾಗ ನೈಟ್ರೇಟ್ ಟೆಸ್ಟ್ ನಂಬಬೇಡಿ, ಇದ್ದದ್ದಕ್ಕಿಂತ ತುಂಬಾ ಹೆಚ್ಚು ತೋರಿಸುತ್ತದೆ. ಮರಳಿನ ಮೇಲೆ ಕಂದು ಪೊರೆ ಕಂಡರೆ ಗಾಬರಿ ಬೇಡ, ಅದು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ, ಹೊಸ ಟ್ಯಾಂಕಿನಲ್ಲಿ ಬಂದೇ ಬರುತ್ತದೆ, ಕೆಲವು ವಾರಕ್ಕೆ ತಾನಾಗಿ ಕಡಿಮೆಯಾಗುತ್ತದೆ.

ಅಮೋನಿಯಾಕ್ಕೆ ಯಾಕೆ ಇಷ್ಟು ಹೆದರಬೇಕು? ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ. ಅಮೋನಿಯಂ ಅಷ್ಟು ಅಪಾಯವಲ್ಲ, ಅಮೋನಿಯಾ ವಿಷ. ಪಿಎಚ್ ಏರಿದಂತೆ ವಿಷದ ಪಾಲೂ ಏರುತ್ತದೆ. ಸಮುದ್ರದ ನೀರಿನ ಪಿಎಚ್ 8.1ರ ಆಸುಪಾಸು, ಹಾಗಾಗಿ ಪಿಎಚ್ 7 ಇರುವ ಸಿಹಿನೀರಿನ ಟ್ಯಾಂಕಿಗೆ ಹೋಲಿಸಿದರೆ ಇಲ್ಲಿ ಅಷ್ಟೇ ರೀಡಿಂಗ್ ಹಲವು ಪಟ್ಟು ಕೆಟ್ಟದ್ದು.

ಮೀನು ತರುವಾಗಲೂ ಇದೇ ಪಾಠ. ಹೆಚ್ಚು ಹೊತ್ತು ಕಟ್ಟಿಟ್ಟ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಅನಿಲ ಹೊರಗೆ ಹೋಗುತ್ತದೆ, ಪಿಎಚ್ ಏರುತ್ತದೆ, ಅಲ್ಲಿವರೆಗೆ ಸುಮ್ಮನಿದ್ದ ಅಮೋನಿಯಂ ವಿಷವಾಗುತ್ತದೆ. ಬಿಚ್ಚಿದ ಮೇಲೆ ಗಂಟೆಗಟ್ಟಲೆ ಹನಿ ಹನಿ ನೀರು ಸೇರಿಸುತ್ತಾ ಕೂತರೆ ಮೀನು ಅದರಲ್ಲೇ ನರಳುತ್ತದೆ. ಮಾರುವವರ ಟ್ಯಾಂಕಿನಲ್ಲಿ ಉಪ್ಪಿನ ಮಟ್ಟ ಎಷ್ಟು ಅಂತ ಹಿಂದಿನ ದಿನವೇ ಕೇಳಿ, ಕ್ವಾರಂಟೈನ್ ಟ್ಯಾಂಕನ್ನು (ಹೊಸ ಮೀನನ್ನು ಮೊದಲು ಬೇರೆಯಾಗಿ ಇಡುವ ಟ್ಯಾಂಕ್) ಅದೇ ಮಟ್ಟಕ್ಕೆ ತನ್ನಿ. ಮುಚ್ಚಿದ ಚೀಲವನ್ನೇ 15–20 ನಿಮಿಷ ತೇಲಿಬಿಡಿ. ಬಿಸಿ ಸಮವಾದ ಮೇಲೆ ಬಿಚ್ಚಿ, ಮೀನನ್ನು ಮಾತ್ರ ಒಳಗೆ ಬಿಟ್ಟು ಚೀಲದ ನೀರನ್ನು ಚೆಲ್ಲಿ. ಅಲ್ಲಿಂದ ಮುಖ್ಯ ಟ್ಯಾಂಕಿನ ಮಟ್ಟಕ್ಕೆ ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸಿದರಾಯಿತು.