ಹಗೇವಿನ ಕಂದೀಲು, ಹಿಮದ ತೋಳ

ಹೋದ ಮೇ ತಿಂಗಳು, ಮಧ್ಯಾಹ್ನ ಎರಡೂವರೆ. ವಿಜಯಪುರದ ನಮ್ಮ ಮನೆಯ ಹೊರಗೆ 41 ಡಿಗ್ರಿ. ಒಳಗೆ ಫ್ಯಾನು ಬಿಸಿ ಗಾಳಿಯನ್ನೇ ಎತ್ತಿ ಎತ್ತಿ ಮುಖಕ್ಕೆ ಹೊಡೆಯುತ್ತಿತ್ತು. ಅಕ್ಕನ ಮಗ ಸೂಟಿಗೆ ಬಂದಿದ್ದ. ಅವನ ಲ್ಯಾಪ್‌ಟಾಪ್ ಮುಂದೆ ನಾನು ಕೂತಿದ್ದೆ, ಅವನು ಬೆನ್ನ ಹಿಂದೆ ನಿಂತು ಮೇಷ್ಟ್ರ ಕೆಲಸ ಮಾಡುತ್ತಿದ್ದ. ಪರದೆಯ ಮೇಲಿನ ವಿಡಿಯೊ ಆಟದಲ್ಲಿ ಕೆನಡಾದ ಕಾಡು, ಮೈನಸ್ 24 ಡಿಗ್ರಿ. ನನ್ನ ಹತ್ತಿರ ಉಳಿದಿದ್ದು ನಾಲ್ಕು ಬೆಂಕಿಕಡ್ಡಿ, ಒಂದು ಡಬ್ಬಿ ಪೀಚ್ ಹಣ್ಣು, ಒಂದು ಜೊತೆ ಒದ್ದೆ ಕಾಲುಚೀಲ.

“ಮಾಮಾ, ತ್ವಾಳ ಬಂತು! ಓಡಬ್ಯಾಡ, ಓಡಿದ್ರ ಬೆನ್ನ ಹತ್ತತೈತಿ. ಪಂಜು ಹಚ್ಚು!”

ಹಚ್ಚಿದೆ. ತೋಳ ಹಿಂದೆ ಸರಿಯಿತು. ಒಂದು ಗುಡಿಸಲು ಸಿಕ್ಕಿತು. ಒಳಗೆ ಹೋಗಿ ಒಲೆ ಹೊತ್ತಿಸಲು ನೋಡಿದರೆ ‘ಹತ್ತುವ ಸಾಧ್ಯತೆ ಶೇಕಡಾ 60’ ಅಂತ ಪರದೆ ಹೇಳಿತು. ಗೀರಿದೆ, ಹತ್ತಲಿಲ್ಲ. ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದ ಆಯಿ ಇದನ್ನೆಲ್ಲ ನೋಡುತ್ತಿದ್ದಳು. ಎಂಬತ್ತು ದಾಟಿದ ಜೀವ. ತೊಗರಿ ಕಟ್ಟಿಗೆ, ಕುಳ್ಳು ಇಟ್ಟು ಒಲೆ ಹಚ್ಚಿಯೇ ಅರ್ಧ ಆಯಸ್ಸು ಕಳೆದವಳು. “ಕಡ್ಡಿ ಗೀರಿದ್ರ ಹತ್ತತೈತಿ, ಇಲ್ಲಾಂದ್ರ ಇಲ್ಲ. ನಡಕ ಅರವತ್ತು ಅಂದ್ರೇನೋ?” ಅಂದಳು.

ಎರಡನೇ ಕಡ್ಡಿಗೆ ಬೆಂಕಿ ಹತ್ತಿತು. ನಾನು ‘ಉಸ್ಸಪ್ಪಾ’ ಅಂದೆ. ಆಮೇಲೆ ನೆನಪಾಯಿತು, ಅರ್ಧ ಗಂಟೆಯಿಂದ ನಾನು ಬಿಸಿಲಿನ ಝಳಕ್ಕೆ ಬೈದೇ ಇರಲಿಲ್ಲ.

ಆಟದ ಹೆಸರು ದಿ ಲಾಂಗ್ ಡಾರ್ಕ್. ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೊ ಮಾಡಿದ್ದು. 2014ರಲ್ಲಿ ಅಪೂರ್ಣ ರೂಪದಲ್ಲೇ ಆಟಗಾರರ ಕೈಗೆ ಬಂತು, 2017ರಲ್ಲಿ ಪೂರ್ತಿ ಬಿಡುಗಡೆಯಾಯಿತು. ಭೂಕಾಂತೀಯ ಬಿರುಗಾಳಿಯೊಂದು (ಗಾಳಿ ಅಲ್ಲ, ಸೂರ್ಯನ ಆರ್ಭಟಕ್ಕೆ ಭೂಮಿಯ ಕಾಂತಕ್ಷೇತ್ರ ಕದಡುವುದು) ಬಡಿದು ಕರೆಂಟು, ಫೋನು, ಗಾಡಿ ಎಲ್ಲ ಸತ್ತಿವೆ. ಚಳಿಗಾಲದ ಕಾಡಿನಲ್ಲಿ ನೀವೊಬ್ಬರೇ. ನಾನು ಆಡಿದ ಬಗೆಯಲ್ಲಿ ಗೆಲ್ಲುವುದು ಅಂತ ಇಲ್ಲ, ಎಷ್ಟು ದಿನ ಬದುಕಿದಿರಿ ಅನ್ನುವುದೇ ಲೆಕ್ಕ. ಸತ್ತರೆ ಉಳಿಸಿಟ್ಟ ಆಟವೂ ಅಳಿಸಿಹೋಗುತ್ತದೆ. (ಬಿರುಗಾಳಿಯ ಮಾತು ಪೂರ್ತಿ ಕಟ್ಟುಕತೆ ಅಲ್ಲ. 1989ರ ಮಾರ್ಚ್ 13ರಂದು ಇಂಥದ್ದೇ ಒಂದು ಬಿರುಗಾಳಿಗೆ ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ತಾಸು ಕತ್ತಲಲ್ಲಿ ಕೂತಿದ್ದರು. ನಮ್ಮಲ್ಲಿ ಅಷ್ಟು ಹೊತ್ತು ಕರೆಂಟು ಹೋಗಲು ಸೂರ್ಯನ ಸಹಾಯ ಬೇಕಾಗುವುದಿಲ್ಲ, ಆ ಮಾತು ಬೇರೆ.)

ಈ ಜಾತಿಯ ಆಟ ಹೊಸದೂ ಅಲ್ಲ. ಕಬ್ಬಿಣಯುಗದ ಫಿನ್‌ಲ್ಯಾಂಡ್ ಕಾಡಿನಲ್ಲಿ ಒಬ್ಬರೇ ಬದುಕುವ ಅನ್‌ರಿಯಲ್ ವರ್ಲ್ಡ್ 1992ರಲ್ಲೇ ಬಂದಿತ್ತು. ಆಮೇಲೆ ಸಮುದ್ರದಡಿಯಲ್ಲಿ, ಅಮೆಜಾನ್ ಕಾಡಿನಲ್ಲಿ, ಎಲ್ಲೆಂದರಲ್ಲಿ ಮನುಷ್ಯನನ್ನು ಒಬ್ಬನೇ ಬಿಟ್ಟು ನೋಡಿದರು. ಜನ ದುಡ್ಡು ಕೊಟ್ಟು ಹೋಗಿ ಹಸಿದರು, ನಡುಗಿದರು, ಸತ್ತರು. ಯಾಕೆ?

ಮೊದಲು ಚಳಿಯ ವಿಷಯ ಮುಗಿಸೋಣ. ತಣ್ಣೀರಿನಲ್ಲಿ ಕೈ ಅದ್ದಿದವರ ವಿಡಿಯೊ ನೋಡುವವರ ಕೈಯೂ ಒಂಚೂರು ತಣ್ಣಗಾಗುತ್ತದೆ ಎಂದು 2014ರಲ್ಲಿ ಬ್ರಿಟನ್ನಿನ ಸಂಶೋಧಕರು ಅಳೆದು ತೋರಿಸಿದರು. ಬಿಸಿನೀರಿನ ವಿಡಿಯೊಗೆ ಮಾತ್ರ ಹಾಗೆ ಆಗಲಿಲ್ಲ. ತಣ್ಣಗಾದದ್ದು ಒಂದು ಡಿಗ್ರಿಗಿಂತ ಬಹಳ ಕಡಿಮೆ, ಅದರಿಂದ ವಿಜಯಪುರದ ಮೇ ತಿಂಗಳು ಕಳೆಯಲಾಗದು. ನನಗೆ ಆಗಿದ್ದು ಬೇರೆ ಇರಬೇಕು. ಅಮೆರಿಕದ ಸಿಯಾಟಲ್‌ನಲ್ಲಿ ಸುಟ್ಟ ಗಾಯದ ರೋಗಿಗಳಿಗಾಗಿ ಸ್ನೋವರ್ಲ್ಡ್ ಅನ್ನುವ ಆಟವೊಂದನ್ನು ಮಾಡಿದರು. ಗಾಯ ತೊಳೆದು ಪಟ್ಟಿ ಬದಲಾಯಿಸುವಾಗ ರೋಗಿ ಕಣ್ಣಿಗೆ ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಕೊಂಡು ಹಿಮದ ಕಣಿವೆಯಲ್ಲಿ ಹೋಗುತ್ತಾ ಪೆಂಗ್ವಿನ್‌ಗಳ ಮೇಲೆ ಹಿಮದ ಉಂಡೆ ಎಸೆಯುತ್ತಾನೆ. ನೋವು ಕಡಿಮೆಯಾಯಿತು ಅಂದರು ರೋಗಿಗಳು. ಆರೋಗ್ಯವಂತರಿಗೆ ಇದೇ ಆಟ ಆಡಿಸಿ ಮೆದುಳಿನ ಸ್ಕ್ಯಾನ್ ನೋಡಿದರೆ ಅಲ್ಲಿಯೂ ನೋವಿಗೆ ಮಿಡಿಯುವ ಭಾಗಗಳು ಮಂಕಾಗಿದ್ದವು. ಗಮನ ಅನ್ನುವುದು ಒಂದೇ ಕೊಡ ನೀರಿದ್ದ ಹಾಗೆ. ಅದನ್ನು ತೋಳಕ್ಕೆ ಸುರಿದುಬಿಟ್ಟರೆ ಝಳಕ್ಕೆ ಉಳಿಯುವುದಿಲ್ಲ.

ಇಂಥ ಎಷ್ಟೋ ಆಟಗಳು ಹಿಮವನ್ನೇ ಆರಿಸಿಕೊಳ್ಳುವುದು ಯಾಕೆ ಅಂತ ನನಗೊಂದು ಅನುಮಾನ ಇದೆ. ಚಳಿಗೆ ಮದ್ದು ಅಂದರೆ ಏನಾದರೂ ಮಾಡುವುದು: ಕಟ್ಟಿಗೆ ಆರಿಸು, ಬೆಂಕಿ ಹಚ್ಚು, ಇನ್ನೊಂದು ಕೋಟು ಹಾಕು. ಬಿಸಿಲಿನ ಲೆಕ್ಕ ಉಲ್ಟಾ. ಹೊರಗಿನ ಗಾಳಿ ನಮ್ಮ ಚರ್ಮಕ್ಕಿಂತ ಬಿಸಿಯಾದ ಮೇಲೆ ಮೈಗೆ ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಹೋಗುತ್ತದೆ. ಅದಕ್ಕೆ ನೀವು ಮಾಡಬೇಕಾದದ್ದು ಏನು? ನೆರಳು ಹಿಡಿದು, ನೀರು ಕುಡಿದು, ಸುಮ್ನೆ ಬಿದ್ದಿರೋದು. ಅದನ್ನು ಆಟ ಅಂತ ಯಾರು ಕೊಳ್ಳುತ್ತಾರೆ? ನಾವು ಏಪ್ರಿಲ್, ಮೇ ಪೂರ್ತಿ ಅದನ್ನೇ ಪುಕ್ಕಟೆ ಆಡುತ್ತೇವೆ.

ಈ ಆಟದ ನಿಜವಾದ ಸೆಳೆತ ಪರದೆಯ ಮೂಲೆಯಲ್ಲಿರುವ ನಾಲ್ಕು ಸಣ್ಣ ಗುರುತುಗಳಲ್ಲಿ ಇದೆ ಅನ್ನಿಸುತ್ತದೆ. ಬೆಚ್ಚಗಿದ್ದೀನಾ, ದಣಿದಿದ್ದೀನಾ, ಬಾಯಾರಿದೆಯಾ, ಹಸಿದಿದೆಯಾ. ನಾಲ್ಕೇ ಮೀಟರ್. ಅವನ್ನು ನೋಡುತ್ತಾ ನೋಡುತ್ತಾ ನನಗೆ ಮುತ್ಯಾನ ಕಂದೀಲು ನೆನಪಾಯಿತು.

ಡೋಣಿ ಹೊಳೆ ಸೀಮೆಯ ನಮ್ಮ ಹಳ್ಳಿಯಲ್ಲಿ ಹಗೇವು ಇತ್ತು. ಹಗೇವು ಅಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಆಳ ಒಂದಾಳಿಗಿಂತ ಜಾಸ್ತಿ. ಗೋಡೆಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಮೇಲೆ ಮತ್ತೆ ಹುಲ್ಲು ಹಾಕಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಕಾಳು, ಹುಳ ಎಲ್ಲವೂ ಉಸಿರಾಡಿ ಆಮ್ಲಜನಕ ಖಾಲಿ ಮಾಡುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ಉಸಿರುಗಟ್ಟಿ ಸಾಯುತ್ತವೆ. ಆದರೆ ಹುಳ ಕೊಂದ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತೆಗೆದ ತಕ್ಷಣ ಒಳಗಿಳಿದವನು ಮೇಲೆ ಬರುತ್ತಿರಲಿಲ್ಲ.

ಮುತ್ಯಾ ಹಗೇವಿನ ಬಾಯಿ ತೆಗೆದು ಬಹಳ ಹೊತ್ತು ಹಾಗೇ ಬಿಡುತ್ತಿದ್ದ. ಆಮೇಲೆ ಕಂದೀಲು ಹಚ್ಚಿ, ಹಗ್ಗ ಕಟ್ಟಿ, ಮೆಲ್ಲಗೆ ಇಳಿಬಿಡುತ್ತಿದ್ದ. ನಾವು ಹುಡುಗರು ಸುತ್ತ ಮಂಡಿಯೂರಿ ನೋಡುತ್ತಿದ್ದೆವು. ಉರಿ ಒಂದು ಮೊಳ ಇಳಿಯಿತು, ಎರಡು ಮೊಳ ಇಳಿಯಿತು, ಸಣ್ಣಗಾಯಿತು, ನೀಲಿಗೆ ತಿರುಗಿ ಆರಿತು. “ಇನ್ನೂ ಇಲ್ಲ” ಅನ್ನುತ್ತಾ ಮೇಲೆಳೆದು, ಮತ್ತೆ ಬೀಡಿ ಹಚ್ಚಿ ಕೂರುತ್ತಿದ್ದ. ಮಾಮೂಲಿ ಗಾಳಿಯಲ್ಲಿ ಶೇಕಡಾ 21 ಆಮ್ಲಜನಕ ಇರುತ್ತದೆ. ಅದು 16ರ ಆಸುಪಾಸಿಗೆ ಇಳಿದರೆ ಉರಿ ನಿಲ್ಲುವುದಿಲ್ಲ. ಕಣ್ಣಿಗೆ ಕಾಣದ ಅಪಾಯವೊಂದು ಹಗ್ಗದ ತುದಿಯಲ್ಲಿ ಕಾಣುತ್ತಿತ್ತು. ಕಂಡ ಮೇಲೆ ಮಾಡಬೇಕಾದದ್ದು ಸರಳ: ಕಾಯುವುದು.

ದಿನನಿತ್ಯದ ಬದುಕಿನಲ್ಲಿ ಇಂಥ ಕಂದೀಲು ಸಿಗುವುದಿಲ್ಲ. ಸಾಲದ ಕಂತು, ಅವ್ವನ ಮಂಡಿನೋವು, ಈ ಸಲ ಮಳೆ ಹಿಡಿಯುತ್ತದೋ ಇಲ್ಲವೋ ಅನ್ನುವುದು, ಎಲ್ಲ ಒಟ್ಟಿಗೆ ಒಂದೇ ಮಂಜಿನ ಹಾಗೆ ತಲೆಯಲ್ಲಿ ಕೂತಿರುತ್ತವೆ. ಯಾವುದು ಎಷ್ಟು ಇಳಿದಿದೆ, ಏನು ಮಾಡಿದರೆ ಎಷ್ಟು ಏರುತ್ತದೆ ಅಂತ ಯಾರೂ ಹೇಳುವುದಿಲ್ಲ. ನಮ್ಮ ಮೈಯ ಮೀಟರ್‌ಗಳೂ ಅಷ್ಟೇ. ಮೈಯ ನೀರು ಒಂದಿಷ್ಟು ಕಡಿಮೆಯಾದ ಮೇಲೆಯೇ ಬಾಯಾರಿಕೆ ಎಚ್ಚರವಾಗುತ್ತದೆ. ಇನ್ನು ತಂಬಿಗೆ ಎತ್ತಿ ಕುಡಿದರೋ, ಆ ನೀರು ಕರುಳಿನಿಂದ ರಕ್ತಕ್ಕೆ ಸೇರುವ ಮೊದಲೇ ಮೆದುಳು ‘ಸಾಕು’ ಅಂದುಬಿಡುತ್ತದೆ. ಅಂದಾಜಿನ ಮೇಲೆ ನಡೆಯುವ ಅಂಗಡಿ ಅದು. ಆಟದಲ್ಲಿ ಹಾಗಲ್ಲ. ಹಿಮ ಕರಗಿಸಿ, ಕುದಿಸಿ, ಅರ್ಧ ಲೀಟರ್ ಕುಡಿದರೆ ಬಾಯಾರಿಕೆಯ ಮೀಟರ್ ಅಷ್ಟಕ್ಕೆ ಅಷ್ಟು ಏರುತ್ತದೆ. ಕಷ್ಟ ಇದೆ, ಆದರೆ ಲೆಕ್ಕ ಕಣ್ಣೆದುರು ಇದೆ. ಮಾಡಿದ ಕೆಲಸ ಹತ್ತು ಸೆಕೆಂಡಿನಲ್ಲಿ ಫಲ ಕೊಡುತ್ತದೆ. ಬೇರೆಲ್ಲಿ ಸಿಗುತ್ತದೆ ಹೇಳಿ?

ಆದರೂ ಲೆಕ್ಕವೇ ಬೇಕಾದರೆ ಚೆಸ್ ಆಡಬಹುದಿತ್ತು. ಭಯ ಯಾಕೆ ಬೇಕು? ಇದಕ್ಕೆ ನಮ್ಮೂರಿನವರು ರೊಟ್ಟಿಯ ತಟ್ಟೆ ನೋಡಿಕೊಂಡರೆ ಸಾಕು. ರಂಜಕ ಹಚ್ಚಿಕೊಂಡು, ಮೂಗು ಕಣ್ಣು ಸುರಿಸುತ್ತಾ, ‘ಇನ್ನೊಂಚೂರು ಹಾಕು’ ಅನ್ನುವವರು ನಾವು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅಂಟಿಕೊಳ್ಳುವುದು ಸುಡುವ ಬಿಸಿಯ ಸುದ್ದಿ ಸಾಗಿಸುವ ನರದ ಗ್ರಾಹಕಕ್ಕೇ. ಅದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಅಂದರೆ ನಾಲಿಗೆ ಮೆದುಳಿಗೆ ‘ಬೆಂಕಿ ಬಿತ್ತು’ ಅಂತಲೇ ಹೇಳುತ್ತಿರುತ್ತದೆ. ಬೆಂಕಿ ಬಿದ್ದಿಲ್ಲ ಅಂತ ಮೆದುಳಿಗೆ ಗೊತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮೆಕ್ಸಿಕೊದ ಹಳ್ಳಿಯೊಂದರಲ್ಲಿ ಇದನ್ನು ಗಮನಿಸಿದರು. ಅಲ್ಲಿ ಮಕ್ಕಳು ಬೆಳೆಯುತ್ತಾ ಖಾರಕ್ಕೆ ಮನಸೋಲುತ್ತಾರೆ, ಅದೇ ಖಾರದ ಉಳಿಕೆ ತಿಂದು ಬೆಳೆದ ನಾಯಿ ಹಂದಿಗಳು ಸೋಲುವುದಿಲ್ಲ. ಅಪಾಯ ಇಲ್ಲ ಅಂತ ತಿಳಿದೂ ಮೈಯನ್ನು ಹೆದರಿಸಿ ಮಜಾ ತೆಗೆದುಕೊಳ್ಳುವುದು ಮನುಷ್ಯನ ಚಟ. ಜನಕ್ಕೆ ತುಂಬ ಹಿಡಿಸುವ ಖಾರ ಇನ್ನೊಂಚೂರು ಜಾಸ್ತಿಯಾದರೆ ತಡೆಯಲಾಗದು ಅನ್ನುವ ಮಟ್ಟದ್ದು ಎಂದೂ ಅವರು ಕಂಡುಕೊಂಡರು. ತೋಳ ಪಂಜಿಗೆ ಹೆದರಿ ಎರಡು ಹೆಜ್ಜೆ ಹಿಂದೆ ಸರಿಯುವ ಜಾಗ ಸರಿಯಾಗಿ ಅದೇ ಮಟ್ಟ.

ಆಯಿಯ ಪ್ರಶ್ನೆ ಮಾತ್ರ ಬೇರೆ ಇತ್ತು. “ಅಲ್ಲೋ ತಮ್ಮಾ, ಮನ್ಯಾಗ ಇಷ್ಟ ಮಂದಿ ಇದ್ದೀವಿ. ನೀ ಅಲ್ಲಿ ಹೋಗಿ ಒಬ್ಬಾಂವನ ಯಾಕ ಸಾಯಾಕತ್ತಿ?”

ಇಷ್ಟು ಮಂದಿ ಇರುವುದಕ್ಕೇ, ಆಯಿ. ಬಾಯಿಬಿಟ್ಟು ಹೇಳಲಿಲ್ಲ. ಕನ್ನಡದಲ್ಲಿ ಒಂಟಿತನ ಬೇರೆ, ಏಕಾಂತ ಬೇರೆ. ಒಂದು ನಮ್ಮ ಮೇಲೆ ಬೀಳುವುದು, ಇನ್ನೊಂದು ನಾವೇ ಹೋಗಿ ಕೂರುವುದು. ಎಂಟು ಜನರ ಮನೆಯಲ್ಲಿ ಕೂರಲು ಜಾಗ ಎಲ್ಲಿ? ಸಿಕ್ಕರೂ ಬರಿಗೈಲಿ ಕೂರುವುದು ಸುಲಭ ಅಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ಮನಶ್ಶಾಸ್ತ್ರಜ್ಞ ಟಿಮೊತಿ ವಿಲ್ಸನ್ ಮತ್ತು ಸಂಗಡಿಗರ ಪ್ರಯೋಗ ಇದಕ್ಕೆ ಸಾಕ್ಷಿ. ಖಾಲಿ ಕೋಣೆಯಲ್ಲಿ 15 ನಿಮಿಷ ಸುಮ್ಮನೆ ಯೋಚಿಸುತ್ತಾ ಕೂರಬೇಕು, ಬೇಕಿದ್ದರೆ ಗುಂಡಿ ಒತ್ತಿ ಶಾಕ್ ಹೊಡೆಸಿಕೊಳ್ಳಬಹುದು. ಎಲ್ಲರೂ ಮೊದಲೇ ಶಾಕ್ ರುಚಿ ನೋಡಿ, ‘ದುಡ್ಡು ಕೊಟ್ಟಾದರೂ ಇದನ್ನು ತಪ್ಪಿಸಿಕೊಳ್ಳುತ್ತೇವೆ’ ಅಂದವರೇ. ಆದರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಗುಂಡಿ ಒತ್ತಿದರು. ಗಂಡಸರ ಬಗ್ಗೆ ನಮ್ಮ ಮನೆಯ ಹೆಂಗಸರಿಗೆ ಇದು ಹೊಸ ಸುದ್ದಿ ಏನಲ್ಲ.

ಕಾಡಿನ ಆಟ ಕೊಡುವುದು ಕೈಗೆ ಕೆಲಸ ಇರುವ ಏಕಾಂತ. ಹೊಲದಲ್ಲಿ ಒಬ್ಬನೇ ಕಳೆ ತೆಗೆಯುವವನಿಗೆ ಸಿಗುವಂಥದ್ದು. ಯಾರೂ ಮೆಸೇಜ್ ಮಾಡುವುದಿಲ್ಲ. ಅಂಕ ಹೋಲಿಸುವುದಿಲ್ಲ. ದಾರಿ ತಪ್ಪಿದರೆ ತಪ್ಪು ನನ್ನದೇ, ಬೆಂಕಿ ಹತ್ತಿದರೆ ಅದೂ ನನ್ನದೇ. ಜೊತೆಗೆ ಇನ್ನೊಬ್ಬ ಇದ್ದಿದ್ದರೆ ಲೆಕ್ಕ ಕಲಸಿಹೋಗುತ್ತಿತ್ತು. ಒಲೆಯಲ್ಲಿ ಕಟ್ಟಿಗೆ ಚಟಪಟ ಅನ್ನುವ ಸದ್ದು, ಹೊರಗೆ ಗಾಳಿಯ ಊಳು, ಕೈಯಲ್ಲಿ ಹೊಲಿಯಬೇಕಾದ ಹರಿದ ಕೋಟು. ಆಟದ ಅತಿ ಸುಖದ ಗಳಿಗೆ ನನಗೆ ತೋಳ ಓಡಿಸಿದ್ದಲ್ಲ, ಇದು.

ಆದರೆ ಇಲ್ಲೊಂದು ಸುಳ್ಳಿದೆ, ಆಯಿಗೆ ಅದು ಮೊದಲ ದಿನವೇ ಗೊತ್ತಾಗಿತ್ತು. ಒಬ್ಬನೇ ಬದುಕಿ ಉಳಿಯುವುದು ಮನುಷ್ಯನ ಪದ್ಧತಿಯೇ ಅಲ್ಲ. ಅಳಿಯ ಒಂದು ಉಪಾಯ ಹೇಳಿಕೊಟ್ಟಿದ್ದ: ದಿನವಿಡೀ ಹಸಿದೇ ಇರು ಮಾಮಾ, ಮಲಗೋ ಮುಂಚೆ ಅಷ್ಟೇ ತಿನ್ನು, ಡಬ್ಬಿ ಉಳೀತಾವು. ಆಟದ ಹಸಿವು ಬರೀ ಅಂಕಿ, ಹಾಗಾಗಿ ಈ ಉಪಾಯ ನಡೆಯುತ್ತದೆ. ನಿಜದ ಹಸಿವು ಮನಸ್ಸನ್ನೂ ತಿನ್ನುತ್ತದೆ. 1944–45ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮಿನೆಸೋಟದಲ್ಲಿ ತಾವಾಗಿ ಒಪ್ಪಿ ಬಂದ 36 ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಹಾಕಿ ನೋಡಿದರು. ಅವರಿಗೆ ಊಟ ಬಿಟ್ಟರೆ ಬೇರೆ ಯೋಚನೆಯೇ ಉಳಿಯಲಿಲ್ಲ. ಅಡುಗೆ ಪುಸ್ತಕ ಕೂಡಿಟ್ಟುಕೊಂಡು ಓದುತ್ತಾ ಕೂತರು. ಜಗಳಗಂಟರಾದರು, ಮಂಕಾದರು. ಆ ಸ್ಥಿತಿಯಲ್ಲಿ ತೋಳದ ಮುಂದೆ ಪಂಜು ಹಚ್ಚುವ ಜಾಣತನ ಎಲ್ಲಿಂದ ಬರಬೇಕು?

ನಮ್ಮ ಸೀಮೆಗೆ ಇದು ಆಟದ ಮಾತೂ ಅಲ್ಲ. 1876–78ರ ಬರದಲ್ಲಿ ಮುಂಬೈ ಪ್ರಾಂತ್ಯದಲ್ಲಿ ತೀರಾ ಕೆಟ್ಟ ಹೊಡೆತ ತಿಂದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಅಂದರೆ ಇವತ್ತಿನ ವಿಜಯಪುರ, ಬಾಗಲಕೋಟೆ. ಹಗೇವು ಇದ್ದದ್ದು ಅಂಥ ದಿನಕ್ಕೆ. ಅದನ್ನು ಒಬ್ಬನೇ ತೋಡಲೂ ಆಗದು, ತುಂಬಲೂ ಆಗದು. ಇನ್ನು ಇಳಿಯುವುದಂತೂ ಒಬ್ಬನೇ ಮಾಡಿದರೆ ಮುಗಿಯಿತು. ಮುತ್ಯಾ ಇಳಿಯುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ಮೇಲೆ ನಿಂತ ಇಬ್ಬರ ಕೈಗೆ ಕೊಡುತ್ತಿದ್ದ. ಮಾತು ನಿಂತರೆ ಎಳೆಯಿರಿ ಅಂತ ಹೇಳಿ, ಒಳಗಿನಿಂದ ಸುಮ್ನೆ ಏನಾದರೂ ಮಾತಾಡುತ್ತಲೇ ಇರುತ್ತಿದ್ದ.

ನನ್ನ ಆಟ 19ನೇ ದಿನಕ್ಕೆ ಮುಗಿಯಿತು. ತೋಳದಿಂದ ಅಲ್ಲ. ಕೆರೆಯ ಮೇಲೆ ಹತ್ತಿರದ ದಾರಿ ಹಿಡಿದೆ, ತೆಳು ಮಂಜುಗಡ್ಡೆ ಮುರಿಯಿತು, ಬಟ್ಟೆ ಒದ್ದೆಯಾಯಿತು, ಕಡ್ಡಿ ಉಳಿದಿರಲಿಲ್ಲ. ಪರದೆ ನಿಧಾನಕ್ಕೆ ಕಪ್ಪಾಯಿತು.

“ಸತ್ತೇನು?” ಅಂದಳು ಆಯಿ.

“ಹೂಂ.”

“ಮಜ್ಜಿಗಿ ಕುಡಿ ಬಾ.”

ರಾತ್ರಿ ಕರೆಂಟು ಹೋಯಿತು. ಎಲ್ಲರೂ ಮಾಳಿಗೆಯ ಮೇಲೆ ಸಾಲಾಗಿ ಹಾಸಿಕೊಂಡೆವು. ಅಳಿಯ ಕತ್ತಲಲ್ಲೇ ನನ್ನ ಕಡೆ ಹೊರಳಿ, ಆಟದಲ್ಲಿ ಬಹಳ ದಿನ ಒಳಗೇ ಇದ್ದರೆ ಒಂದು ರೋಗ ಬರುತ್ತದೆ ಅಂತಲೂ, ಅದಕ್ಕೆ ಹೊರಗೆ ಮಲಗುವುದೇ ಔಷಧ ಅಂತಲೂ ಹೇಳಿದ. ಆಮೇಲೆ, ನಾಳೆ ಮತ್ತೆ ಮೊದಲಿಂದ ಶುರು ಮಾಡ್ತೀಯೇನು ಮಾಮಾ ಅಂತ ಕೇಳಿದ.

ಆ ತುದಿಯಿಂದ ಆಯಿಯ ದನಿ ಬಂತು. “ಸುಮ್ಮ ಮಲಗ್ರಿ. ತ್ವಾಳ ಬಂದ್ರ ನನ್ನ ಎಬ್ಬಸ್ರಿ.”