ವಿಮಾನದಲ್ಲಿ ತಂದ ಸಾಮಾನಿಗೆ ಸುಂಕ ಎಷ್ಟು? ಬ್ಯಾಗೇಜ್ ನಿಯಮಾವಳಿ 2016ರ ಅಧ್ಯಯನ ಟಿಪ್ಪಣಿ

ಈ ಪಾಠ ಶುರುವಾದ ದಿನ ನಮ್ಮ ಬೆಂಚಿನ ಗೆಳೆಯನೊಬ್ಬ ಕೇಳಿದ: "30 ಕೆ.ಜಿ. ದಾಟಿದ್ರೆ ಕಸ್ಟಮ್ಸ್‌ನವರು ಕಿಲೋಗೆ ಎಷ್ಟು ಹಾಕ್ತಾರೆ?" ಎಲ್ಲರೂ ನಕ್ಕರು. ನಕ್ಕವರಲ್ಲಿ ಅರ್ಧ ಜನಕ್ಕೆ ಉತ್ತರ ಗೊತ್ತಿರಲಿಲ್ಲ, ನನಗೂ ಸೇರಿ. ಆ 30 ಕೆ.ಜಿ. ವಿಮಾನ ಕಂಪನಿಯ ಲೆಕ್ಕ. ಅವರು ಟಿಕೆಟ್ ಜೊತೆ ಇಷ್ಟು ತೂಕ ಹೊರುತ್ತೇವೆ ಅಂದಿರುತ್ತಾರೆ, ಮೀರಿದರೆ ಅವರ ಕೌಂಟರಿನಲ್ಲೇ ದುಡ್ಡು ಕಟ್ಟಬೇಕು. ಕಸ್ಟಮ್ಸ್ ನೋಡುವುದು ಸೂಟ್‌ಕೇಸಿನ ತೂಕವನ್ನಲ್ಲ, ಅದರೊಳಗೆ ಏನಿದೆ, ಅದರ ಬೆಲೆ ಎಷ್ಟು ಅನ್ನುವುದನ್ನು. ಐದು ಕಿಲೋ ಹ್ಯಾಂಡ್ ಬ್ಯಾಗ್ ಹಿಡಿದು ಬಂದವರು ಸುಂಕ ಕಟ್ಟಬೇಕಾಗಿ ಬರಬಹುದು. ನಲವತ್ತು ಕಿಲೋ ಹಳೆ ಬಟ್ಟೆ ತಂದವರು ನೆಟ್ಟಗೆ ಹೊರಗೆ ನಡೆಯಬಹುದು.

ಮೊದಲೇ ಒಂದು ಎಚ್ಚರಿಕೆ. ಇಲ್ಲಿ ಕೊಟ್ಟ ಮೊತ್ತಗಳೂ ನಿಯಮಗಳೂ 2016ರ ಏಪ್ರಿಲ್ 1ರಿಂದ 2026ರ ಫೆಬ್ರವರಿ ಆರಂಭದವರೆಗೆ ಜಾರಿಯಲ್ಲಿದ್ದ ಬ್ಯಾಗೇಜ್ ನಿಯಮಾವಳಿಯವು. ಇಂಥ ಮೊತ್ತಗಳನ್ನು ಸರ್ಕಾರ ಆಗಾಗ ಪರಿಷ್ಕರಿಸುತ್ತದೆ. 2012ರಲ್ಲಿ 25,000 ಇದ್ದ ಸುಂಕರಹಿತ ಮಿತಿ 35,000 ಆಯಿತು, 2014ರಲ್ಲಿ 45,000, 2016ರಲ್ಲಿ 50,000. ಆದ್ದರಿಂದ ನಿಜವಾಗಿ ಪ್ರಯಾಣ ಹೊರಟವರು ಅಂದಿನ ಅಧಿಸೂಚನೆ ನೋಡಬೇಕು. ನಾವು ಕಲಿಯಬೇಕಿರುವುದು ಲೆಕ್ಕ ಹಾಕುವ ಕ್ರಮ. ಆ ಕ್ರಮಕ್ಕೆ 2016ರ ನಿಯಮಾವಳಿಯಷ್ಟು ಅನುಕೂಲದ ಪಠ್ಯ ಇನ್ನೊಂದಿಲ್ಲ, ನಿಯಮಗಳೇ ಹತ್ತಿರ ಹತ್ತಿರ ಹತ್ತು.

ಬೆಲೆಗೂ ಮೊದಲು ಕೇಳಬೇಕಾದ ಪ್ರಶ್ನೆಗಳು

ನಾವೆಲ್ಲ ಮಾಡುವ ತಪ್ಪು ಒಂದೇ. ಪ್ರಶ್ನೆ ಓದಿದ ಕೂಡಲೇ 50,000 ಕಳೆದುಬಿಡುತ್ತೇವೆ. ಬೆಲೆಗೆ ಬರುವುದು ಕೊನೆಗೆ. ಅದಕ್ಕೂ ಮೊದಲು ಬಂದವರು ಯಾರು, ಎಲ್ಲಿಂದ ಬಂದರು, ತಂದದ್ದು ಯಾವ ವಸ್ತು ಅನ್ನುವುದು ತೀರ್ಮಾನವಾಗಬೇಕು.

ಯಾರು: ಭಾರತದ ನಿವಾಸಿ, ಭಾರತದಲ್ಲಿ ನೆಲೆಸಿರುವ ವಿದೇಶಿ, ಭಾರತೀಯ ಮೂಲದ ಪ್ರವಾಸಿ ಈ ಮೂವರಿಗೂ 50,000 ರೂಪಾಯಿ. ವಿದೇಶಿ ಮೂಲದ ಪ್ರವಾಸಿಗೆ 15,000. ಎರಡು ವರ್ಷದೊಳಗಿನ ಕೂಸಿಗೆ ಮಿತಿಯೇ ಇಲ್ಲ ಅಂದರೆ ಖುಷಿಪಡಬೇಡಿ, ಸಿಗುವ ವಿನಾಯಿತಿಯೇ ಇಲ್ಲ ಅಂತ ಅರ್ಥ. ಅದು ಬಳಸಿದ ಬಟ್ಟೆಬರೆಗಷ್ಟೇ ಸುಂಕವಿಲ್ಲ.

ಎಲ್ಲಿಂದ: ನೇಪಾಳ, ಭೂತಾನ್, ಮ್ಯಾನ್ಮಾರ್‌ನಿಂದ ವಿಮಾನದಲ್ಲಿ ಬಂದರೆ ಮಿತಿ 15,000ಕ್ಕೆ ಇಳಿಯುತ್ತದೆ. ಅದೇ ದೇಶಗಳಿಂದ ರಸ್ತೆ ಮಾರ್ಗವಾಗಿ ಬಂದರೆ ಬಳಸಿದ ಸ್ವಂತ ವಸ್ತುಗಳಿಗೆ ಮಾತ್ರ ವಿನಾಯಿತಿ. ಕಠ್ಮಂಡುವಿಗೆ ಯಾತ್ರೆ ಹೋಗಿಬರುವ ನಮ್ಮವರು ಇದನ್ನು ಗಮನಿಸುವುದು ಕಡಿಮೆ.

ಯಾವ ವಸ್ತು: ಇಲ್ಲಿ ಅನುಬಂಧ 1 ಬಾಯಿಪಾಠ ಬರಬೇಕು. ಬಂದೂಕು, 50ಕ್ಕೆ ಮೀರಿದ ತೋಟಾ, 100ಕ್ಕೆ ಮೀರಿದ ಸಿಗರೇಟು (ಅಥವಾ 25ಕ್ಕೆ ಮೀರಿದ ಸಿಗಾರ್, ಅಥವಾ 125 ಗ್ರಾಂ ಮೀರಿದ ತಂಬಾಕು), 2 ಲೀಟರ್ ಮೀರಿದ ಮದ್ಯ, ಆಭರಣವಲ್ಲದ ರೂಪದ ಚಿನ್ನ ಬೆಳ್ಳಿ, ಮತ್ತು ಫ್ಲಾಟ್ ಟಿ.ವಿ. ಇವಕ್ಕೆ 50,000ದ ರಕ್ಷಣೆ ಇಲ್ಲ. ಚಿನ್ನದ ನಾಣ್ಯ, ಬಿಸ್ಕತ್ತು "ಸಣ್ಣದು ಕಣ್ರೀ" ಅಂದರೂ ಈ ಪಟ್ಟಿಗೇ ಸೇರುತ್ತದೆ.

ಟಿ.ವಿ. ಯಾಕೆ ಬಂತು ಅಂತ ತುಂಬ ಜನ ಕೇಳುತ್ತಾರೆ. 2013ರ ಆಗಸ್ಟ್‌ವರೆಗೆ ಫ್ಲಾಟ್ ಟಿ.ವಿ.ಯೂ ಸಾಮಾನ್ಯ ಮಿತಿಯೊಳಗೇ ಬರುತ್ತಿತ್ತು. ದುಬೈ, ಬ್ಯಾಂಕಾಕ್‌ಗೆ ಹೋದವರೆಲ್ಲ ಒಂದೊಂದು ಟಿ.ವಿ. ಪೆಟ್ಟಿಗೆ ತರುತ್ತಿದ್ದ ಕಾಲ ಅದು. ರೂಪಾಯಿ ಕುಸಿಯುತ್ತಿದ್ದ ಆ ತಿಂಗಳು ಸರ್ಕಾರ ವಿನಾಯಿತಿಯನ್ನು ತೆಗೆದುಹಾಕಿತು. ಮೂರು ವರ್ಷದ ನಂತರದ ನಿಯಮಾವಳಿಯಲ್ಲಿ ಟಿ.ವಿ. ಬಂದೂಕಿನ ಜೊತೆ ಒಂದೇ ಪಟ್ಟಿಯಲ್ಲಿ ಕೂತಿತು!

ಲ್ಯಾಪ್‌ಟಾಪ್ ಕಥೆ ಇದಕ್ಕೆ ಉಲ್ಟಾ. 18 ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪ್ ತಂದರೆ ಅದಕ್ಕೆ ಪ್ರತ್ಯೇಕ ವಿನಾಯಿತಿ ಇದೆ, 50,000ದೊಳಗೆ ಅದನ್ನು ಎಣಿಸುವುದಿಲ್ಲ. ಮೊಬೈಲಿಗೆ ಅಂಥ ಭಾಗ್ಯವಿಲ್ಲ.

ಲೆಕ್ಕ

ಮಿತಿ ಮೀರಿದ ಮೊತ್ತಕ್ಕೆ ಮೂಲ ಸುಂಕ ಶೇ. 35. ಆ ಸುಂಕದ ಮೇಲೆ ಶೇ. 10ರ ಸಮಾಜ ಕಲ್ಯಾಣ ಸರ್‌ಚಾರ್ಜ್. ಒಟ್ಟು ಶೇ. 38.5. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ 36.05 ಅಂತ ಕಂಡರೆ ಗಾಬರಿ ಬೇಡ, ಅದು 2018ಕ್ಕೆ ಮೊದಲಿನ ಶಿಕ್ಷಣ ಸೆಸ್ ಸೇರಿದ ದರ.

ಸಿಂಗಾಪುರದಿಂದ ಮರಳಿದ ಎಂಜಿನಿಯರ್ 1,20,000 ರೂ. ಬೆಲೆಯ ಹೊಸ ಫೋನ್ ತಂದಿದ್ದಾಳೆ. ಬೇರೇನೂ ಇಲ್ಲ. 1,20,000ದಲ್ಲಿ 50,000 ಕಳೆದರೆ 70,000. ಅದರ ಶೇ. 38.5 ಅಂದರೆ 26,950 ರೂ. ಅವಳು ಹೋಗುವಾಗಲೇ ಒಯ್ದು ಬಳಸುತ್ತಿದ್ದ ಫೋನಿಗೆ ಈ ಲೆಕ್ಕ ಹಾಕಬಾರದು, ಅದು ಬಳಸಿದ ಸ್ವಂತ ವಸ್ತು. ದುಬಾರಿ ಕ್ಯಾಮೆರಾ, ಒಡವೆ ಒಯ್ಯುವವರು ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ವಾಪಸು ಬರುವಾಗ ವಾದಕ್ಕೆ ಆಸ್ಪದ ಇರುವುದಿಲ್ಲ.

ಈಗ ಎಲ್ಲರೂ ಎಡವುವ ಲೆಕ್ಕ. ಗಂಡ ಹೆಂಡತಿ ಒಟ್ಟಿಗೆ ಬಂದಿದ್ದಾರೆ, 80,000 ರೂ.ಗಳ ಒಂದು ಕ್ಯಾಮೆರಾ ತಂದಿದ್ದಾರೆ. "ಇಬ್ಬರದೂ ಸೇರಿ ಲಕ್ಷ ಆಯ್ತಲ್ಲ, ಸುಂಕ ಇಲ್ಲ" ಎಂದು ಬರೆದರೆ ಅಂಕ ಹೋಯಿತು. ಒಬ್ಬರ ಮಿತಿಯನ್ನು ಇನ್ನೊಬ್ಬರದರ ಜೊತೆ ಕೂಡಿಸುವಂತಿಲ್ಲ ಎಂದು ನಿಯಮ 3ರಲ್ಲೇ ಇದೆ. 30,000ಕ್ಕೆ ಸುಂಕ, 11,550 ರೂ. ಅದೇ ದಂಪತಿ 45,000 ರೂ.ಗಳ ಎರಡು ಫೋನ್‌ಗಳನ್ನು ತಲಾ ಒಂದೊಂದರಂತೆ ತಂದಿದ್ದರೆ ಒಟ್ಟು ಬೆಲೆ 90,000 ಆದರೂ ಸುಂಕ ಸೊನ್ನೆ.

ಟಿ.ವಿ.ಗೆ ಏನನ್ನೂ ಕಳೆಯುವ ಹಾಗಿಲ್ಲ. 40,000 ರೂ. ಟಿ.ವಿ.ಗೆ ಪೂರ್ತಿ ಮೊತ್ತದ ಮೇಲೆ 15,400 ರೂ.

ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡದ್ದು ಬೇರೆ ಲೆಕ್ಕ ಅನ್ನುವ ನಂಬಿಕೆ ಇದೆ. ಅಲ್ಲ. ಇಳಿದ ಮೇಲೆ ಬೆಂಗಳೂರಿನಲ್ಲೇ ಕೊಂಡ ಬಾಟಲಿಯೂ ಅದೇ 2 ಲೀಟರ್‌ಗೆ, ಅದೇ 50,000ಕ್ಕೆ ಸೇರುತ್ತದೆ. ಹಿಂದೆಯೇ ಕಾರ್ಗೊದಲ್ಲಿ ಕಳಿಸಿದ ಸಾಮಾನಿಗಂತೂ 50,000ದ ಮಿತಿ ಅನ್ವಯಿಸುವುದೇ ಇಲ್ಲ.

ಒಡವೆ: ಗ್ರಾಂ ಮತ್ತು ರೂಪಾಯಿ

ಕರಾವಳಿಯ ಮನೆಗಳಲ್ಲಿ ಈ ವಿಷಯದ ಚರ್ಚೆ ಮುಗಿಯುವುದಿಲ್ಲ. ಮಂಗಳೂರು ನಿಲ್ದಾಣದಲ್ಲಿ ಗಲ್ಫ್ ವಿಮಾನ ಇಳಿಯುವ ಹೊತ್ತಿಗೆ ಹೊರಗೆ ಕಾಯುವ ಸಂಬಂಧಿಕರ ಬಾಯಲ್ಲಿ "ಹೆಂಗಸರಿಗೆ 40 ಗ್ರಾಂ ಬಿಡ್ತಾರೆ" ಅನ್ನುವ ಮಾತು ಕೇಳಿಯೇ ಕೇಳುತ್ತದೆ. ಮಾತು ಅರ್ಧ ನಿಜ.

ನಿಯಮ 5 ಓದಿ. ಒಂದು ವರ್ಷಕ್ಕೂ ಹೆಚ್ಚು ವಿದೇಶದಲ್ಲಿ ನೆಲೆಸಿ ಮರಳುವವರಿಗೆ ಮಾತ್ರ ಇದು. ಗಂಡಸರಿಗೆ 20 ಗ್ರಾಂ, ಆದರೆ ಬೆಲೆ 50,000 ಮೀರಬಾರದು. ಹೆಂಗಸರಿಗೆ 40 ಗ್ರಾಂ, ಬೆಲೆ 1,00,000 ಮೀರಬಾರದು. ಎರಡು ಬೇಲಿ, ಯಾವುದು ಮೊದಲು ಎದುರಾಗುತ್ತದೋ ಅಲ್ಲೇ ನಿಲ್ಲಬೇಕು. ರೂಪಾಯಿಯ ಬೇಲಿ 2013ರ ಬಜೆಟ್‌ನದು. 2016ರಲ್ಲಿ ಗ್ರಾಂ ಚಿನ್ನ 3,000 ರೂ. ಆಸುಪಾಸಿನಲ್ಲಿತ್ತು, 20 ಗ್ರಾಂ ಅಂದರೆ 60,000. ಹಾಗಾಗಿ ಎರಡು ಬೇಲಿಗಳೂ ಹತ್ತಿರ ಹತ್ತಿರವೇ ಇದ್ದವು. 2025ರಲ್ಲಿ ಗ್ರಾಂ ಬೆಲೆ 10,000 ದಾಟಿತು. ಆ ಬೆಲೆಗೆ ಗಂಡಸಿನ ಪಾಲು 5 ಗ್ರಾಂ, ಹೆಂಗಸಿನದು 10 ಗ್ರಾಂ! ನಿಯಮದ ಒಂದಕ್ಷರವೂ ಬದಲಾಗದೆ ರಿಯಾಯಿತಿ ಕಾಲು ಭಾಗಕ್ಕೆ ಇಳಿಯಿತು. ಬೆಲೆಯನ್ನು ರೂಪಾಯಿಯಲ್ಲಿ ಕಟ್ಟಿಹಾಕುವ ಯಾವ ನಿಯಮಕ್ಕೂ ಬರುವ ರೋಗ ಇದು. ಪರೀಕ್ಷೆಯಲ್ಲಿ "ವಿಮರ್ಶಿಸಿ" ಅಂತ ಬಂದರೆ ನಾನು ಇದನ್ನೇ ಬರೆಯುತ್ತೇನೆ.

ಇನ್ನೊಂದು ತೊಡಕು "ಸ್ವಂತ ವಸ್ತು" ಎಂಬುದರ ವ್ಯಾಖ್ಯೆಯಲ್ಲಿದೆ. 2016ರ ನಿಯಮಾವಳಿ ದಿನನಿತ್ಯದ ಅಗತ್ಯದ ವಸ್ತುಗಳು ಎಂದು ಹೇಳಿ, ಒಡವೆ ಇದರಲ್ಲಿ ಸೇರುವುದಿಲ್ಲ ಎಂದುಬಿಡುತ್ತದೆ. ಹಾಗಾದರೆ ಕೊರಳಲ್ಲಿರುವ ತಾಳಿ, ಕೈಬಳೆ? ಈ ಪ್ರಶ್ನೆ ಕೋರ್ಟಿಗೆ ಹೋಗಿದೆ. ಮೈಮೇಲಿನ ಬಳಕೆಯ ಒಡವೆ ಬೇರೆ, ಹೊಸದಾಗಿ ಕೊಂಡುತಂದ ಒಡವೆ ಬೇರೆ ಎಂದು ದೆಹಲಿ ಹೈಕೋರ್ಟ್ ಹೇಳಿದೆ.

ವಾರದ ಮಟ್ಟಿಗೆ ದುಬೈ ನೋಡಿ ಬಂದವರಿಗೆ ಈ 20, 40 ಗ್ರಾಂ ಸಂಬಂಧವೇ ಇಲ್ಲ. ಆರು ತಿಂಗಳು ಅಥವಾ ಹೆಚ್ಚು ಕಾಲ ಹೊರಗಿದ್ದ ಭಾರತೀಯರು ಮಾತ್ರ ಸುಂಕ ಕಟ್ಟಿ 1 ಕಿಲೋವರೆಗೆ ಚಿನ್ನ ತರಬಹುದು, ಸುಂಕವನ್ನು ವಿದೇಶಿ ಕರೆನ್ಸಿಯಲ್ಲಿ ಕಟ್ಟಬೇಕು. ಅವರಿಗೆ ಶೇ. 38.5 ಅಲ್ಲ, ಚಿನ್ನದ ರಿಯಾಯಿತಿ ದರ. 2024ರ ಜುಲೈ ಬಜೆಟ್ ಚಿನ್ನದ ಸುಂಕವನ್ನು ಶೇ. 15ರಿಂದ 6ಕ್ಕೆ ಇಳಿಸಿತು.

ಹಸಿರು ದಾರಿ, ಕೆಂಪು ದಾರಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆ ಹುಟ್ಟಿದ್ದು ಹಳೆಯ ಸುಂಕದಕಟ್ಟೆಗಳ ಕಾಲದಲ್ಲಿ. ಈಗಿನ ಕಾಯ್ದೆಯಲ್ಲಿ ಹೇಳಿಕೊಳ್ಳುವುದಕ್ಕೆ ಬೆಲೆ ಇದೆ, ಸಮಯಕ್ಕೆ ಹೇಳಿಕೊಂಡರೆ. 1962ರ ಕಸ್ಟಮ್ಸ್ ಕಾಯ್ದೆಯ ಕಲಂ 77ರ ಪ್ರಕಾರ ಬ್ಯಾಗೇಜಿನ ಮಾಲೀಕ ತಾನೇ ಘೋಷಿಸಬೇಕು. 2016ರ ಏಪ್ರಿಲ್‌ನಿಂದ ಫಾರ್ಮ್ ತುಂಬಬೇಕಾದವರು ಸುಂಕ ಬೀಳುವ ಅಥವಾ ನಿಷಿದ್ಧ ವಸ್ತು ಇರುವವರು ಮಾತ್ರ. ಕೇಂದ್ರ ಸರ್ಕಾರ 2019ರಲ್ಲಿ ತಂದ ಅತಿಥಿ ಆ್ಯಪ್‌ನಲ್ಲಿ ವಿಮಾನ ಹತ್ತುವ ಮೊದಲೇ ತುಂಬಬಹುದು.

ಕೆಂಪು ದಾರಿಯಲ್ಲಿ, ಅಂದರೆ ರೆಡ್ ಚಾನೆಲ್‌ನಲ್ಲಿ, ಹೋಗಿ ಘೋಷಿಸಿದರೆ ಸುಂಕ ಕಟ್ಟಿ ಹೊರಗೆ ಹೋಗಬಹುದು. ಕಟ್ಟಲು ಇಷ್ಟವಿಲ್ಲದವರು ಕಲಂ 80ರಡಿ ಸಾಮಾನನ್ನು ಅಲ್ಲೇ ಬಿಟ್ಟು, ದೇಶ ಬಿಟ್ಟು ಹೋಗುವಾಗ ವಾಪಸು ಪಡೆಯಲು ಕೇಳಿಕೊಳ್ಳಬಹುದು. ಈ ಸೌಲಭ್ಯ ಸತ್ಯ ಘೋಷಿಸಿದವರಿಗೆ. ಸುಂಕದ ಸಾಮಾನು ಇಟ್ಟುಕೊಂಡು ಹಸಿರು ದಾರಿಯಲ್ಲಿ, ಅಂದರೆ ಘೋಷಿಸಲು ಏನೂ ಇಲ್ಲದವರ ಗ್ರೀನ್ ಚಾನೆಲ್‌ನಲ್ಲಿ ನಡೆದರೆ "ನನ್ನ ಬಳಿ ಏನೂ ಇಲ್ಲ" ಎಂದು ಹೇಳಿದಂತೆಯೇ. ಸಿಕ್ಕಿಬಿದ್ದರೆ ಕಲಂ 111ರಡಿ ಮುಟ್ಟುಗೋಲು, 112ರಡಿ ದಂಡ. ಕಲಂ 125ರಡಿ ಬಿಡುಗಡೆಯ ದಂಡ ಕಟ್ಟಿ ವಸ್ತು ಬಿಡಿಸಿಕೊಳ್ಳುವ ಅವಕಾಶ ಸಿಕ್ಕರೂ ಅದರ ಮೇಲೆ ಸುಂಕ ಬೇರೆ.

ವಿದೇಶಿ ಹಣದ ವಿಷಯ ಇಷ್ಟೇ: ನೋಟುಗಳು 5,000 ಡಾಲರ್, ಅಥವಾ ಟ್ರಾವೆಲರ್ಸ್ ಚೆಕ್ ಎಲ್ಲ ಸೇರಿ 10,000 ಡಾಲರ್ ಮೀರಿದರೆ ಘೋಷಿಸಬೇಕು. ಅದು ತರಬಹುದಾದ ಹಣದ ಮಿತಿಯಲ್ಲ, ಹೇಳಬೇಕಾದ ಗಡಿ. ಇ-ಸಿಗರೇಟಿಗೆ ಘೋಷಣೆಯೂ ಆಸರೆಯಲ್ಲ, 2019ರಿಂದ ಅದರ ಆಮದೇ ನಿಷೇಧ.

ಒಂದು ಅಭ್ಯಾಸ

ಬಹ್ರೇನ್‌ನಿಂದ ಮಂಗಳೂರಿಗೆ ಒಂದು ಕುಟುಂಬ ರಜೆಗೆ ಬರುತ್ತಿದೆ. ಗಂಡ ಅಲ್ಲಿ ಮೂರು ವರ್ಷದಿಂದ ಇದ್ದಾನೆ, ಹೆಂಡತಿ ಎಂಟು ತಿಂಗಳಿಂದ, ಮಗುವಿಗೆ ಒಂದು ವರ್ಷ. ಗಂಡನ ಬಳಿ 65,000 ರೂ.ಗಳ ಹೊಸ ಫೋನ್, ಜೊತೆಗೆ 30,000 ರೂ.ಗಳ ಫ್ಲಾಟ್ ಟಿ.ವಿ. ಹೆಂಡತಿಯ ಬ್ಯಾಗಿನಲ್ಲಿ 20,000 ರೂ.ಗಳ ಆಟದ ಸಾಮಾನು. "ನನ್ನ 40 ಗ್ರಾಂ ಒಡವೆಯ ರಿಯಾಯಿತಿ ಇದೆಯಲ್ಲ" ಎಂದು ಅವಳು ಕೇಳುತ್ತಾಳೆ.

ಉತ್ತರ: ಫೋನಿನಲ್ಲಿ ಮಿತಿ ಮೀರಿದ್ದು 15,000, ಅದಕ್ಕೆ 5,775. ಟಿ.ವಿ.ಗೆ ಪೂರ್ತಿ, 11,550. ಹೆಂಡತಿಯ ಪಾಲಿನಲ್ಲಿ ಇನ್ನೂ 30,000 ಉಳಿದಿದ್ದರೂ ಗಂಡನ ಫೋನಿಗೆ ಅದು ಬಾರದು, ಕೂಸಿನದು ಮೊದಲೇ ಇಲ್ಲ. ಒಡವೆಯ ರಿಯಾಯಿತಿಗೆ ಅವಳಿಗೆ ಇನ್ನೂ ನಾಲ್ಕು ತಿಂಗಳ ಮೇಲೆ ಬೇಕು. ಕಟ್ಟಬೇಕಾದ್ದು 17,325 ರೂ., ಕೆಂಪು ದಾರಿಯಲ್ಲಿ.